ಜಗತಿಯ ಮೆಟ್ಟಿಲೂ ಕಣ್ಣಿನ ಪೆಟ್ಟಿಗೆಯೂ

ಅರಸೀಕೆರೆಯ ಶಿವಾಲಯದ ನಕ್ಷತ್ರಾಕಾರದ ಮಂಟಪವನ್ನು ನೋಡಿಕೊಂಡು ನಾವು ಒಮ್ಮೆ ವಿದ್ಯಾರ್ಥಿಗಳೊಡನೆ ಹಳೇಬೀಡಿಗೆ ಹೋಗಿದ್ದೆವು. ಹೊಯ್ಸಳೇಶ್ವರ ದೇವಾಲಯ ನಿಂತಿರುವುದು ಎತ್ತರದ ಜಗತಿಯ ಮೇಲೆ. ಊರುಗೋಲಿನ ಆಸರೆಯಲ್ಲಿ ನಡೆಯುವ ವಿದ್ಯಾರ್ಥಿಯೊಬ್ಬ ಮೆಟ್ಟಿಲುಗಳನ್ನು ಕಂಡು ಕೆಳಗೇ ಕುಳಿತ. “ನೀವು ನೋಡಿ ಬನ್ನಿ ಸಾರ್, ಆಮೇಲೆ ಹೇಳುವಿರಂತೆ” ಎಂದ. ಹೇಳಿದೆವು, ಆದರೆ ಆನೆಗಳ ಆ ಸಾಲನ್ನು ಬಾಯಿಂದ ಎಷ್ಟೆಂದು ಹೇಳುವುದು?

ಇಂಥವರಿಗೆ ಒದಗಬಲ್ಲ ಉಪಕರಣವೊಂದು ಈಗ ಇದೆ. ಅದು ‘ವರ್ಚುಯಲ್ ರಿಯಾಲಿಟಿ’, ಅಂದರೆ ಮಿಥ್ಯಾವಾಸ್ತವವನ್ನು ತೋರಿಸುವ, ಕಣ್ಣಿಗೆ ಕಟ್ಟಿಕೊಳ್ಳುವ ಪೆಟ್ಟಿಗೆ. ನಮ್ಮ ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿರುವುದರಿಂದ ಎರಡರ ನೋಟಗಳಲ್ಲಿಯೂ ಅಲ್ಪ ಭೇದವುಂಟು. ಪೆಟ್ಟಿಗೆಯು ಒಂದೊಂದು ಕಣ್ಣಿಗೂ ಅದಕ್ಕೆ ತಕ್ಕ ಚಿತ್ರವನ್ನು ಒದಗಿಸಲು, ಮಿದುಳು ಆ ಭೇದದಿಂದ ಆಳವನ್ನು ಗ್ರಹಿಸುವುದು. ತಲೆ ತಿರುಗಿಸಿದರೆ ಚಿತ್ರವೂ ತಿರುಗುವುದು.

ಈ ಸಂಗತಿಯನ್ನು ತಿಳಿಸಿದಾಗ ಆ ವಿದ್ಯಾರ್ಥಿ ಕೇಳಿದ್ದು ಒಂದೇ ಪ್ರಶ್ನೆ: “ಕುಳಿತು ನೋಡಬಹುದೆ ಸಾರ್?”

ಪ್ರಶ್ನೆ ಸಣ್ಣದಲ್ಲ. ಇವನ್ನು ರಚಿಸುವವರು ಅನೇಕ ವೇಳೆ ನಿಲ್ಲಬಲ್ಲ, ಕತ್ತು ಹೊರಳಿಸಬಲ್ಲ, ಎರಡು ಕೈಗಳಿಂದಲೂ ಗುಂಡಿ ಒತ್ತಬಲ್ಲ ಮನುಷ್ಯನನ್ನೇ ಎಣಿಸಿಕೊಂಡಿರುತ್ತಾರೆ. ಕುಳಿತವನ ಕಣ್ಣು ನಿಂತವನ ಕಣ್ಣಿಗಿಂತ ಸುಮಾರು 40 ಸೆಂಟಿಮೀಟರ್ ಕೆಳಗಿರುವುದು. ಅಷ್ಟನ್ನು ಲೆಕ್ಕದಲ್ಲಿ ಕೂಡಿಸಿಬಿಟ್ಟರೆ ಅವನಿಗೂ ಗೋಡೆಯ ಕೆತ್ತನೆ ನಿಂತವನಿಗೆ ಕಂಡಂತೆಯೇ ಕಾಣುವುದು. ಒಂದು ಸಂಕಲನದ ಕೆಲಸ!

ಕತ್ತಿನ ವಿಷಯ ಅಷ್ಟು ಸುಲಭವಲ್ಲ. ಬೇಲೂರಿನ ಮದನಿಕೆಯರಿರುವುದು ಮೇಲೆ, ಸೂರಿನಡಿಯಲ್ಲಿ. ಕತ್ತೆತ್ತಲಾರದವನು ಬೆರಳಿನಿಂದಲೋ ಗದ್ದದಿಂದಲೋ ಒಂದು ಗುಂಡಿಯನ್ನೊತ್ತಿದರೆ ದೃಶ್ಯವೇ ಅವನೆಡೆಗೆ ಹೊರಳಬೇಕು. ಆಗ ಕಣ್ಣು ‘ತಿರುಗಿದೆ’ ಎನ್ನುವುದು. ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವವು ‘ಅಲುಗಿಲ್ಲ’ ಎನ್ನುವುದು. ಈ ಜಗಳದಿಂದ ಹೊಟ್ಟೆ ತೊಳಸುವುದು. (ಶಿರಾಡಿ ಘಾಟಿಯ ಬಸ್ಸಿನಲ್ಲಿ ಪುಸ್ತಕ ಓದುವವರ ಪಾಡೂ ಇದೇ, ಅಲ್ಲಿ ಮಾತ್ರ ಅಲುಗಿದೆಯೆನ್ನುವುದು ಕಿವಿ.) ಆದ್ದರಿಂದ ದೃಶ್ಯವನ್ನು ಮೆಲ್ಲನೆ ಸುತ್ತಿಸದೆ 30 ಡಿಗ್ರಿಯಷ್ಟು ಥಟ್ಟನೆ ಹೊರಳಿಸುವ ಉಪಾಯವುಂಟು. ನಡುವಣ ಚಲನೆ ಕಾಣದ್ದರಿಂದ ಜಗಳವೂ ಕಡಿಮೆ.

ಇನ್ನು ದೃಷ್ಟಿಯಿಲ್ಲದವರ ಮಾತು. ಮೈಕ್ರೋಸಾಫ್ಟಿನ ಸಂಶೋಧಕರು 2018ರಲ್ಲಿ ‘ಕೇನ್‌ಟ್ರೋಲರ್’ ಎಂಬ ಕೋಲನ್ನು ಪ್ರಕಟಪಡಿಸಿದರು. ಇಲ್ಲದ ಗೋಡೆಗೆ ಕೋಲು ತಗುಲಿದಾಗ ಮೈಗೆ ಕಟ್ಟಿದ ಬ್ರೇಕು ಅದನ್ನು ತಡೆದು ಹಿಡಿಯುವುದು. ಕಂಪನವೂ ಸದ್ದೂ ಜೊತೆಗೂಡುವುವು. ಜಾಣ ಉಪಾಯವೇ ಸರಿ. ಆದರೆ ಕೋಲು ಗೋಡೆಯ ಇರವನ್ನು ತಿಳಿಸೀತೇ ಹೊರತು ಬಳಪದ ಕಲ್ಲಿನ ಒಡವೆಗಳನ್ನಲ್ಲ. ಅದಕ್ಕೆ ಪ್ರತಿಕೃತಿಯೊಂದನ್ನು ಬೆರಳುಗಳಿಗೆ ಕೊಡುವುದೇ ಲೇಸೆಂದು ನಮಗೆ ತೋರುತ್ತದೆ. ಪೆಟ್ಟಿಗೆಯ ಚಿತ್ರಕ್ಕಾಗಿ ಲೇಸರ್ ಕಿರಣದಿಂದ ತೆಗೆದ ಅಳತೆಗಳನ್ನೇ ಆ ಪ್ರತಿಕೃತಿಗೂ ಬಳಸಬಹುದು.