ವೇ ಬ್ರಿಡ್ಜ್ ಚೀಟಿ ಹೇಳಿದ ಸತ್ಯ: ನಮ್ಮ ಮನೆಯ ಕ್ಯಾಂಪರ್ ವ್ಯಾನ್‌ಗೆ ಟೈರು, ಸಸ್ಪೆನ್ಷನ್ ಆರಿಸಿದ ಕಥೆ

ನರಸಾಪುರ ದಾಟಿ ಹೈವೇ ಬದಿಯಲ್ಲಿ ಟೀ ಕುಡಿಯೋಕೆ ನಿಲ್ಲಿಸಿದ್ದೆವು. ಅಮ್ಮ ಫ್ಲಾಸ್ಕ್ ತೊಳೆಯುತ್ತಿದ್ದಳು. ಅಪ್ಪ ಮಾತ್ರ ಟೀ ಲೋಟ ಹಿಡಿದುಕೊಂಡೇ ವ್ಯಾನಿನ ಸುತ್ತ ಒಂದು ಸುತ್ತು ಹಾಕಿದರು. ಮೂವತ್ತು ವರ್ಷ ಮಾವಿನಕಾಯಿ ಲೋಡ್ ಹೊಡೆದವರ ಅಭ್ಯಾಸ ಅದು, ಗಾಡಿ ನಿಂತರೆ ಮೊದಲು ಟೈರು ನೋಡೋದು. ಹಿಂದಿನ ಎಡಗಡೆ ಟೈರಿನ ಹತ್ತಿರ ಕೂತು, ಬೆರಳಿಟ್ಟು ಸವರಿ, ಮೆಲ್ಲಗೆ ಕರೆದರು. "ಅಮ್ಮಣ್ಣಿ, ಇಲ್ಲಿ ಬಾ. ಇದನ್ನ ಮುಟ್ಟಿ ನೋಡು."

ಟೈರಿನ ಪಕ್ಕದ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಒಳಗಿನ ದಾರ ಹರಿದು, ಬರೀ ರಬ್ಬರ್ ಮಾತ್ರ ಗಾಳಿಯನ್ನ ಹಿಡಿದುಕೊಂಡಿತ್ತು. ಎಂಬತ್ತರ ಸ್ಪೀಡಲ್ಲಿ ಅದು ಒಡೆದಿದ್ದರೆ? ಆ ಟೈರಿನ ಸರಿಯಾಗಿ ಮೇಲೆ ಅಮ್ಮ ಕೂತಿದ್ದಳು.

ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಯಲ್ದೂರು ಸೇರಿದೆವು. ಉಳಿದ ದಾರಿಯಲ್ಲಿ ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನಾನು ಮಾಡಿಕೊಂಡ ಎಡವಟ್ಟು

ಬೆಂಗಳೂರಿನಲ್ಲಿ ಕೆಲಸ, ವಾರಕ್ಕೆರಡು ದಿನ ವರ್ಕ್ ಫ್ರಮ್ ಹೋಮ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಮಾರುತಿ ಈಕೋ ತಗೊಂಡೆ. ಹಿಂದೆ ಪ್ಲೈವುಡ್ ಪೆಟ್ಟಿಗೆಗಳು. ರಾತ್ರಿ ಸೀಟಿನ ಮೇಲಕ್ಕೆ ಹಲಗೆ ಹರಡಿದರೆ ಇಬ್ಬರಿಗೆ ಹಾಸಿಗೆ. ಇನ್ವರ್ಟರ್ ಬ್ಯಾಟರಿ, ನಲವತ್ತು ಲೀಟರ್ ನೀರಿನ ಕ್ಯಾನು, ಸಣ್ಣ ಗ್ಯಾಸ್ ಸ್ಟವ್, ಮೇಲೆ ಕ್ಯಾರಿಯರ್. ಅಪ್ಪ-ಅಮ್ಮ ವ್ಯಾನಿನಲ್ಲಿ ಮಲಗಿದರೆ ನಾನು ಪಕ್ಕದಲ್ಲಿ ಟೆಂಟ್ ಹಾಕಿಕೊಳ್ಳೋದು ಅಂತ ಪ್ಲಾನು.

ಗಾಡಿ ಜೊತೆ ಬಂದ ಟೈರು ಸವೆದಿದ್ದವು. ಟೈರ್ ಅಂಗಡಿಯವನು "ಇದು ಲೋಡ್ ಗಾಡಿ ಟೈರು ಮೇಡಂ, ಎತ್ತಿ ಹಾಕುತ್ತೆ. ಕಾರಿನ ಟೈರು ಹಾಕಿ, ಮೆತ್ತಗೆ ಹೋಗುತ್ತೆ, ಅಗಲ ಬೇರೆ, ಲುಕ್ಕೂ ಬರುತ್ತೆ" ಅಂದ. ಹಾಕಿಸಿದೆ. ಕೆಲವು ತಿಂಗಳಲ್ಲಿ ಗಾಡಿಯ ಹಿಂಭಾಗ ಕೂತಂಗೆ ಕಂಡಿತು. ಇನ್ನೊಂದು ಗ್ಯಾರೇಜಿನವನು ಹಿಂದಿನ ಸ್ಪ್ರಿಂಗ್ ಸುರುಳಿಗಳ ಮಧ್ಯೆ ರಬ್ಬರ್ ಬಫರ್ ತೂರಿಸಿದ. ಗಾಡಿ ಎದ್ದು ನಿಂತಿತು. ನಾನೂ ಖುಷಿಯಾದೆ. ಸಸ್ಪೆನ್ಷನ್ ಅಪ್‌ಗ್ರೇಡ್ ಅಂತ ಸ್ಟೇಟಸ್ ಕೂಡ ಹಾಕಿದೆ.

ಆಗಲೇ ಮಂಗಳೂರಿಗೆ ಹೋಗೋ ಮಾತು ಬಂದಿದ್ದು. ಅಮ್ಮ ಸಮುದ್ರ ನೋಡಿಲ್ಲ. ಕೆರೆ ತುಂಬಿದರೇ ಹಬ್ಬ ಮಾಡೋ ಸೀಮೆ ನಮ್ಮದು. ಅಪ್ಪ ಮಾತ್ರ, "ನೀವಿಬ್ಬರೂ ಹೋಗಿ ಬನ್ನಿ. ತೋಟಕ್ಕೆ ನೀರು ಬಿಡೋರು ಯಾರು?" ಅಂದರು. ನಾನು ನಂಬಿದೆ.

ಟೈರು ಉಬ್ಬಿದ ಆ ರಾತ್ರಿ ಅಮ್ಮ ಅಡುಗೆಮನೆಯಲ್ಲಿ ನಿಜ ಹೇಳಿದಳು. "ತೋಟ ಅಲ್ಲ ಕಣೇ. ನಿನ್ನ ಗಾಡೀಲಿ ಒಂದೊಂದು ಹಂಪ್ಸ್ ಹತ್ತಿ ಇಳಿದಾಗ್ಲೂ ಅವರ ಸೊಂಟ ಹಿಡ್ಕೊಂತದೆ. ನಿನಗೆ ಬೇಜಾರಾಗ್ತದೆ ಅಂತ ಬಾಯಿ ಬಿಡಲ್ಲ." ಅಪ್ಪನಿಗೆ ನಾಲ್ಕು ವರ್ಷದ ಹಿಂದೆ ಡಿಸ್ಕ್ ಆಪರೇಷನ್ ಆಗಿತ್ತು. ಪಿಕಪ್ ಮಾರಿದ್ದೇ ಅದಕ್ಕೆ. ಗಾಡಿ ತಗೊಂಡಾಗಿನಿಂದ ನಾನು ಅಂಗಡಿಯವರನ್ನ ಕೇಳಿದ್ದೆ, ವಿಡಿಯೋಗಳನ್ನ ನೋಡಿದ್ದೆ. ಮನೆಯಲ್ಲೇ ಇದ್ದ ಡ್ರೈವರನ್ನ ಒಂದು ಸಲವೂ ಕೇಳಿರಲಿಲ್ಲ.

ಮೊದಲು ತೂಕ, ಆಮೇಲೆ ಟೈರು

ಬೆಳಗ್ಗೆ ಕೇಳಿದೆ. "ಅಪ್ಪಾ, ಯಾವ ಟೈರು ಹಾಕಿಸಲಿ?"

"ಗಾಡಿ ತೂಕ ಎಷ್ಟೈತೆ?"

ನನಗೆ ಗೊತ್ತಿರಲಿಲ್ಲ. "ತೂಕ ಗೊತ್ತಿಲ್ದೆ ಟೈರು ಕೇಳೋದು, ಕಾಲಳತೆ ಕೊಡದೆ ಚಪ್ಪಲಿ ಕೇಳ್ದಂಗೆ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಹೋಗಿದ್ದು ಶ್ರೀನಿವಾಸಪುರಕ್ಕೆ. ಮಾವಿನ ಸೀಸನ್ನಿನಲ್ಲಿ ತೋತಾಪುರಿ, ಬೇನಿಷಾ ಲೋಡುಗಳು ಸಾಲುಗಟ್ಟಿ ನಿಲ್ಲೋ ವೇ ಬ್ರಿಡ್ಜ್ ಆಗ ಖಾಲಿ ಇತ್ತು. ಟ್ರಿಪ್ಪಿಗೆ ಹೊರಡುವ ಹಾಗೇ ಎಲ್ಲಾ ತುಂಬಿ, ನಾವು ಮೂವರೂ ಕೂತು ತೂಗಿಸಿದೆವು. ಅಪ್ಪನ ಲೆಕ್ಕ ಸುಲಭ. ಮೊದಲು ಮುಂದಿನ ಚಕ್ರ ಮಾತ್ರ ಮೇಲೆ ಬರಲಿ, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಚಕ್ರ ಮಾತ್ರ.

ಚೀಟಿ ಬಂತು. ಒಟ್ಟು 1,420 ಕಿಲೋ. ನನ್ನ ಗಾಡಿಯ ಗರಿಷ್ಠ ಮಿತಿ 1,510. "ನೋಡಿ, ಒಳಗೇ ಇದೀನಿ" ಅಂದೆ.

ಅಪ್ಪ ಚೀಟಿಯ ಉಳಿದ ಎರಡು ಅಂಕಿ ತೋರಿಸಿದರು. ಮುಂದೆ 580, ಹಿಂದೆ 840. "ಇದನ್ನ ಎರಡು ಟೈರಿಗೆ ಹಂಚು."

ಒಂದಕ್ಕೆ 420 ಕಿಲೋ. ನಾನು ಹಾಕಿಸಿದ್ದ ಕಾರಿನ ಟೈರಿನ ಗೋಡೆ ಮೇಲೆ ಬರೆದಿದ್ದು 165/65 R13 77T. ಅದರಲ್ಲಿ ಆ 77 ಅನ್ನೋದೇ ಲೋಡ್ ಇಂಡೆಕ್ಸ್. ಅದರ ಅರ್ಥ, ಒಂದು ಟೈರು ಹೊರಬಹುದಾದ ಗರಿಷ್ಠ ತೂಕ 412 ಕಿಲೋ. ನಿಂತಲ್ಲೇ ಎಂಟು ಕಿಲೋ ಜಾಸ್ತಿ. ಬ್ಯಾಟರಿ, ನೀರು ಎರಡನ್ನೂ ಎಡಗಡೆಗೇ ಇಟ್ಟಿದ್ದೆ, ಹಾಗಾಗಿ ಎಡ ಟೈರಿಗೆ ಬೀಳೋ ಭಾರ ಅದಕ್ಕಿಂತಲೂ ಹೆಚ್ಚು. ಅದರ ಮೇಲೆ ಗುಂಡಿಗಳ ಪೆಟ್ಟು ಬೇರೆ. ಉಬ್ಬಿದ್ದೂ ಎಡಗಡೆಯದೇ.

ಟೈರಿನ ಗೋಡೆ ಓದೋದು ಹೇಗೆ?

ಡ್ರೈವರ್ ಬಾಗಿಲು ತೆಗೆದರೆ ಒಂದು ಸ್ಟಿಕ್ಕರ್ ಇರುತ್ತೆ. ನನ್ನ ಗಾಡಿಯಲ್ಲಿ ಕಂಪನಿ ಹೇಳಿದ್ದ ಅಳತೆ 155 R13 LT 8PR. ಎರಡು ವರ್ಷ ದಿನಾ ಬಾಗಿಲು ತೆಗೆದರೂ ಅದನ್ನ ಓದಿರಲಿಲ್ಲ.

155 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. R ಅಂದರೆ ರೇಡಿಯಲ್. 13 ಅಂದರೆ ಡಿಸ್ಕಿನ ಅಳತೆ, ಇಂಚಿನಲ್ಲಿ. LT ಅಂದರೆ ಲೈಟ್ ಟ್ರಕ್, ಅಂದರೆ ಭಾರ ಹೊರೋಕೆ ಮಾಡಿದ ಟೈರು. ಕೆಲವು ಕಂಪನಿಗಳು ಅದೇ ಜಾಗದಲ್ಲಿ C ಅಂತ ಹಾಕುತ್ತವೆ. 8PR ಅನ್ನೋದು ಗಟ್ಟಿತನದ ದರ್ಜೆ, ಒಳಗೆ ನಿಜವಾಗಿ ಎಂಟು ಪದರ ಇದೆ ಅಂತಲ್ಲ. ನಾನು ಆಮೇಲೆ ತಗೊಂಡ ಟೈರಿನಲ್ಲಿ ಲೋಡ್ ಇಂಡೆಕ್ಸ್ 90/88 ಅಂತಿತ್ತು. 90 ಅಂದರೆ ಒಂದು ಟೈರಿಗೆ 600 ಕಿಲೋ. 88 ಅನ್ನೋದು ಲಾರಿ ಥರ ಜೋಡಿ ಚಕ್ರ ಹಾಕಿದಾಗಿನ ಲೆಕ್ಕ, 560 ಕಿಲೋ. ಕೊನೆಯ ಅಕ್ಷರ ಸ್ಪೀಡಿನದು. Q ಇದ್ದರೆ ಗಂಟೆಗೆ 160 ಕಿಲೋಮೀಟರ್, T ಇದ್ದರೆ 190.

ಇನ್ನೊಂದು ಕಡೆ DOT ಅನ್ನೋ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತೆ. 1424 ಅಂದರೆ 2024ರ ಹದಿನಾಲ್ಕನೇ ವಾರ ತಯಾರಾಗಿದ್ದು. "ಹೊಸ ಟೈರು" ಅಂತ ಕೊಡೋದು ಗೋಡೌನಿನಲ್ಲಿ ಮೂರು ವರ್ಷ ಮಲಗಿದ್ದಿರಬಹುದು. ಬಿಲ್ ಮಾಡಿಸೋ ಮೊದಲೇ ಬಗ್ಗಿ ನೋಡಿ. ಹಳೆ ಟೈರಾದರೆ ಗೀರುಗಳ ಒಳಗಿರೋ ಸಣ್ಣ ದಿಬ್ಬ ನೋಡಿ. ಅದು 1.6 ಮಿಲಿಮೀಟರ್ ಎತ್ತರ. ಸವೆದು ಅದರ ಸಮಕ್ಕೆ ಬಂದರೆ ಟೈರಿನ ಕಥೆ ಮುಗೀತು ಅಂತ. ಮಳೆಯಲ್ಲಿ ಘಾಟಿ ಇಳಿಯೋರು ಅಲ್ಲಿವರೆಗೂ ಕಾಯಬೇಡಿ.

ಸೈಜ್ ಬದಲಾಯಿಸಿದ್ದಕ್ಕೆ ಇನ್ನೊಂದು ದಂಡವೂ ಬಿದ್ದಿತ್ತು. ಅಗಲವಾಗಿದ್ದರೂ ಆ ಕಾರಿನ ಟೈರಿನ ಎತ್ತರ ಕಡಿಮೆ. ಸ್ಪೀಡೋಮೀಟರ್ 80 ತೋರಿಸುವಾಗ ನಾನು ಹೋಗುತ್ತಿದ್ದದ್ದು ಸುಮಾರು 75. ಗಾಡಿಯ ಹೊಟ್ಟೆಯೂ ನೆಲಕ್ಕೆ ಹತ್ತಿರ. ದೊಡ್ಡ ಬಟನ್ ಟೈರು ಹಾಕಿಸೋ ಆಸೆಯನ್ನೂ ಆಗಲೇ ಬಿಟ್ಟೆ. ನನ್ನ ಓಡಾಟದ ಬಹುಪಾಲು ಟಾರ್ ರೋಡು, ತೋಟದ ಮಣ್ಣು ದಾರಿ ಒಂದು ಕಿಲೋಮೀಟರ್ ಇದ್ದರೆ ಹೆಚ್ಚು. ಅಷ್ಟಕ್ಕೆ ಸದ್ದು, ಭಾರ, ಪೆಟ್ರೋಲು ಎಲ್ಲಾ ಜಾಸ್ತಿ ಮಾಡಿಕೊಳ್ಳೋದು ಯಾಕೆ?

ಸ್ಪ್ರಿಂಗು ಬೇರೆ, ಶಾಕ್ ಬೇರೆ

ಟೈರು ತರೋ ಮೊದಲು ಅಪ್ಪ ಇನ್ನೊಂದು ಕೆಲಸ ಮಾಡಿಸಿದರು. ಪೆಟ್ಟಿಗೆಗಳನ್ನೆಲ್ಲಾ ಅಂಗಳಕ್ಕೆ ಇಳಿಸಿ, ಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿಸಿದರು. ಇನ್ವರ್ಟರ್ ಬ್ಯಾಟರಿಯೊಂದೇ 55 ಕಿಲೋ. ಪ್ಲೈವುಡ್ಡು 85. ಖಾಲಿ ಕ್ಯಾರಿಯರ್ 25. "ಏನೂ ಹಾಕ್ದೆ ಇರೋ ಕ್ಯಾರಿಯರನ್ನ ಯಾಕಮ್ಮಾ ಊರೂರು ಮೆರೆಸ್ತೀಯ?" ಅಂದಾಗ ನನಗೂ ನಗು ಬಂತು.

ಕ್ಯಾರಿಯರ್ ತೆಗೆದೆ. ಬ್ಯಾಟರಿಯನ್ನ 12 ಕಿಲೋದ ಲಿಥಿಯಂಗೆ ಬದಲಾಯಿಸಿದೆ. ಕೈ ಕಚ್ಚಿದ್ದು ಇದೊಂದೇ. ನೀರು ಇಪ್ಪತ್ತು ಲೀಟರ್ ಸಾಕು, ದಾರಿಯಲ್ಲಿ ತುಂಬಿಸಿಕೊಳ್ಳಬಹುದು. ದಪ್ಪ ಪ್ಲೈವುಡ್ ಹೋಗಿ ತೆಳು ಹಲಗೆ ಬಂತು. ನೀರು ಮತ್ತು ಬ್ಯಾಟರಿ ಮುಂದಿನ ಸೀಟಿನ ಬೆನ್ನ ಹಿಂದೆ, ಆಚೆಗೊಂದು ಈಚೆಗೊಂದು ಕೂತವು. ಮತ್ತೆ ತೂಗಿಸಿದಾಗ ಒಟ್ಟು 1,300. ಮುಂದೆ 600, ಹಿಂದೆ 700. ಹಿಂದಿನ ಆಕ್ಸಲ್‌ಗೆ 140 ಕಿಲೋ ಹಗುರ. ಅದಕ್ಕಿಂತ ದೊಡ್ಡ ಸಸ್ಪೆನ್ಷನ್ ಅಪ್‌ಗ್ರೇಡ್ ಯಾವ ಅಂಗಡಿಯಲ್ಲೂ ಸಿಗಲ್ಲ.

ಆಮೇಲೆ ಶ್ರೀನಿವಾಸಪುರದ ಹಳೇ ಮೆಕ್ಯಾನಿಕ್ ಹತ್ತಿರ ಗಾಡಿ ಎತ್ತಿಸಿದೆವು. ಅಪ್ಪನ ಕಾಲದವರು. ರಬ್ಬರ್ ಬಫರ್ ಕಿತ್ತು ತೋರಿಸಿ, "ಅಮ್ಮಾ, ಸ್ಪ್ರಿಂಗು ಒತ್ತಿಕೊಂಡು ಬಿಟ್ಕೊಂಡ್ರೇನೇ ಗುಂಡಿ ಪೆಟ್ಟು ತಿನ್ನೋದು. ನೀವು ಮಧ್ಯೆ ರಬ್ಬರು ತುರುಕಿದ್ರೆ ಆ ಪೆಟ್ಟು ನೇರ ಸೀಟಿಗೆ" ಅಂದರು. ಅಂದರೆ, ನೇರ ಅಪ್ಪನ ಸೊಂಟಕ್ಕೆ.

ಶಾಕ್ ಅಬ್ಸಾರ್ಬರ್‌ಗಳಲ್ಲಿ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿತ್ತು. ನಾವು ತುಂಬಾ ಜನ ಗೊಂದಲ ಮಾಡಿಕೊಳ್ಳೋದು ಇಲ್ಲೇ. ಭಾರ ಹೊರೋದು ಸ್ಪ್ರಿಂಗು. ಸ್ಪ್ರಿಂಗಿನ ಕುಣಿತ ನಿಲ್ಲಿಸೋದು ಶಾಕ್. ಗಾಡಿ ಹಿಂದೆ ಕೂತಿದೆ ಅಂತ ಶಾಕ್ ಬದಲಾಯಿಸಿದರೆ ಗಾಡಿ ಮೇಲೇಳಲ್ಲ. ಗಾಡಿ ತೂಗಾಡುತ್ತೆ ಅಂತ ಸ್ಪ್ರಿಂಗ್ ಗಟ್ಟಿ ಮಾಡಿಸಿದರೆ ತೂಗಾಟ ನಿಲ್ಲಲ್ಲ. ಅಪ್ಪ ಹೇಳಿದ್ದು ಹೀಗೆ: "ಸ್ಪ್ರಿಂಗು ಉಯ್ಯಾಲೆ. ಶಾಕು ಅದನ್ನ ಹಿಡಿದು ನಿಲ್ಲಿಸೋ ಕೈ."

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗಾಡಿಯ ಒಂದು ಮೂಲೆಯನ್ನ ಜೋರಾಗಿ ಒತ್ತಿ ಬಿಡಿ. ಒಂದು ಸಲ ಎದ್ದು ಸುಮ್ಮನಾದರೆ ಸರಿ. ಎರಡು ಮೂರು ಸಲ ಕುಣಿದರೆ ಶಾಕ್ ಹೋಗಿದೆ. ಬದಲಾಯಿಸುವಾಗ ಎಡ ಬಲ ಎರಡೂ ಒಟ್ಟಿಗೆ ಬದಲಾಯಿಸಿ.

ನಾವು ಕೊನೆಗೆ ಹಾಕಿಸಿದ್ದು ಕಂಪನಿ ಅಳತೆಯ ಹೊಸ ಸ್ಪ್ರಿಂಗು, ಹೊಸ ಶಾಕ್, 155 R13 LT ಟೈರು, ಜೊತೆಗೆ ವೀಲ್ ಅಲೈನ್‌ಮೆಂಟ್. ಗಟ್ಟಿ ಸ್ಪ್ರಿಂಗ್ ಯಾರಿಗೂ ಬೇಡ ಅಂತಲ್ಲ. ಸದಾ ಭಾರ ಹೊತ್ತೇ ಓಡೋ ಗಾಡಿಗೆ ಬೇಕಾಗಬಹುದು. ಹಿಂದೆ ಪ್ಲೇಟು ಇರೋ ಹಳೆ ಓಮ್ನಿ, ಟೆಂಪೋ ಟ್ರಾವೆಲರ್‌ಗಳಿಗೆ ಒಂದು ಪ್ಲೇಟು ಸೇರಿಸೋರೂ ಇದ್ದಾರೆ. ಅಪ್ಪನ ಪಿಕಪ್‌ಗೂ ಹೆಚ್ಚಿನ ಪ್ಲೇಟು ಇತ್ತು. "ಗಾಡಿ ತಡೀತು. ಅದರ ಮೇಲೆ ಹೇರಿದ್ದು ಕೊನೆಗೆ ನನ್ನ ಸೊಂಟಕ್ಕೆ ಬಂತು" ಅಂದರು, ಬಫರ್ ರಬ್ಬರನ್ನ ಕೈಯಲ್ಲಿ ತಿರುಗಿಸುತ್ತಾ.

ಒಂದು ಕಾನೂನಿನ ಮಾತು. ಆರ್‌ಸಿಯಲ್ಲಿ ಬರೆದಿರೋ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಡಿಸೋದನ್ನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ನನ್ನ ಪೆಟ್ಟಿಗೆಗಳು ಲಗೇಜಿನ ಹಾಗೆ ಇಳಿಸಿ ಏರಿಸೋವು, ಸೀಟು ಕಿತ್ತಿಲ್ಲ. ಸೀಟು ಕಿತ್ತು, ರೂಫ್ ಎತ್ತರಿಸಿ ಕ್ಯಾರವಾನ್ ಮಾಡಿಸೋ ಯೋಚನೆ ಇದ್ದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ. ಹಾಗೇ, ಗಾಡಿ ಓಡುವಾಗ ಹಾಸಿಗೆ ಮೇಲೆ ಯಾರನ್ನೂ ಮಲಗಿಸಬೇಡಿ. ಸೀಟು, ಬೆಲ್ಟು, ಅಷ್ಟೇ.

ಸಮುದ್ರದ ಕಡೆಗೆ

ಮುಳಬಾಗಿಲು, ಕೋಲಾರದ ಮೇಲೆ ಹಾದುಹೋಗೋ ನಮ್ಮ ಹೈವೇ 75, ಬೆಂಗಳೂರು, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಬಂಟ್ವಾಳ ಮುಟ್ಟುತ್ತೆ. ಮಾವಿನಕಾಯಿ ಹೊತ್ತು ಅಪ್ಪ ಆ ರಸ್ತೆಯಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಎಷ್ಟೋ ಸಲ ಓಡಿದ್ದರು. ಸಮುದ್ರದ ತನಕ ಒಮ್ಮೆಯೂ ಹೋಗಿರಲಿಲ್ಲ. ಲೋಡ್ ಇಳಿದ ಕೂಡಲೇ ವಾಪಸ್ಸು.

ಅವರನ್ನ ಒಪ್ಪಿಸೋಕೆ ನಾನು ವಾದ ಮಾಡಲಿಲ್ಲ. "ಮಂಗಳೂರು ಬೇಡ. ಕೋಲಾರದವರೆಗೆ ಹೋಗಿ ಬರೋಣ, ಟೈರ್ ಹೇಗಿದೆ ನೋಡಿ" ಅಂದೆ. ಹೋಗುವಾಗ ಹಂಪ್ಸುಗಳನ್ನ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಸೀಟಿನ ಮೇಲಿನ ಹಿಡಿಕೆ ಹಿಡಿಯೋಕೆ ಅವರ ಕೈ ಎರಡು ಸಲ ಮಾತ್ರ ಮೇಲೆ ಹೋಯಿತು. ವಾಪಸ್ ಬಂದು ಇಳಿದು, ಬಾಗಿಲು ಹಾಕಿ, "ತೋಟಕ್ಕೆ ಎರಡು ದಿನ ನೀರು ಬಿಡೋಕೆ ಪಕ್ಕದ ಮನೆ ಹುಡುಗನಿಗೆ ಹೇಳ್ತೀನಿ" ಅಂದರು.

ಒಂದೇ ದಿನದಲ್ಲಿ ಓಡಲಿಲ್ಲ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಅಪ್ಪ ನಾಲ್ಕು ಹೆಜ್ಜೆ ನಡೆಯೋದು, ಹಾಸನದಲ್ಲಿ ರಾತ್ರಿ ತಂಗೋದು ಅಂತ ಮೊದಲೇ ಗೊತ್ತು ಮಾಡಿದ್ದೆವು. ನೋವು ಪೂರ್ತಿ ಹೋಯಿತು ಅಂತ ಸುಳ್ಳು ಹೇಳಲ್ಲ. ಘಾಟಿ ಇಳಿದ ಮೇಲೆ ಒಂದು ಸಲ ಬಿಸಿನೀರಿನ ಬ್ಯಾಗ್ ಕೇಳಿದರು. ಆದರೆ ಕೇಳಿದರು. ಮೊದಲಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲ.

ಸೋಮೇಶ್ವರದ ಕಡಲ ದಂಡೆಯಲ್ಲಿ ಅಮ್ಮ ಸೀರೆ ಎತ್ತಿಕಟ್ಟಿಕೊಂಡು ಪಾದ ನೆನೆಸಿದಳು. ಮೊದಲ ಅಲೆಗೆ ಹಿಂದೆ ಓಡಿ, ಎರಡನೆಯದಕ್ಕೆ ಅಪ್ಪನ ಕೈ ಹಿಡಿದುಕೊಂಡಳು.

ಮಾರನೇ ದಿನ ನಾನು ಏಳೋ ಹೊತ್ತಿಗೆ ಅಪ್ಪ ಟೈರ್ ಹತ್ತಿರ ಕೂತಿದ್ದರು, ಕೈಯಲ್ಲಿ ನಾನು ಕೊಡಿಸಿದ್ದ ಗಾಳಿ ನೋಡೋ ಗೇಜು. "ಗಾಳಿ ಬೆಳಗ್ಗೇನೇ ನೋಡ್ಬೇಕು, ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಮೇಲೆ ನೋಡಿ, ಜಾಸ್ತಿಯಾಯ್ತು ಅಂತ ಗಾಳಿ ಬಿಡಬೇಡ" ಅಂದರು. ಸ್ಟಿಕ್ಕರ್‌ನಲ್ಲಿ ಖಾಲಿ ಗಾಡಿಗೊಂದು, ತುಂಬಿದ ಗಾಡಿಗೊಂದು ಲೆಕ್ಕ ಇರುತ್ತೆ. LT ಟೈರು ಹೇಳಿದಷ್ಟು ಭಾರ ಹೊರೋದು ಹೇಳಿದಷ್ಟು ಗಾಳಿ ಇದ್ದಾಗ ಮಾತ್ರ. ಹಾಗಂತ ಗೋಡೆ ಮೇಲಿನ ಗರಿಷ್ಠ ಅಂಕಿಯವರೆಗೆ ತುಂಬಿದರೆ ಎತ್ತಿ ಹಾಕುತ್ತೆ.

ನಾಲ್ಕು ಟೈರಿನ ಅಂಕಿಗಳನ್ನ ಅವರು ಹೇಳಿದರು, ನಾನು ಫೋನಿನಲ್ಲಿ ಬರೆದುಕೊಂಡೆ. ಆ ಪಟ್ಟಿ ಈಗಲೂ ಬೆಳೆಯುತ್ತಿದೆ. ವಾರಕ್ಕೊಮ್ಮೆ ಯಲ್ದೂರಿನಿಂದ ಫೋನ್ ಬರುತ್ತೆ, ಊಟ ಆಯ್ತಾ ಅನ್ನೋ ಮೊದಲು "ಗಾಳಿ ನೋಡಿದ್ಯಾ ಅಮ್ಮಣ್ಣಿ?"

ನೀವೂ ಗಾಡಿಗೆ ಏನಾದರೂ ಹಾಕಿಸೋ ಮುಂಚೆ ಒಂದು ಸಲ ವೇ ಬ್ರಿಡ್ಜ್‌ಗೆ ಹೋಗಿ ಬನ್ನಿ. ನಮಗೆ ಆದ ಖರ್ಚು ಐವತ್ತು ರೂಪಾಯಿ. ಮನೆಯಲ್ಲಿ ಹಳೇ ಡ್ರೈವರ್ ಒಬ್ಬರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.