ಲ್ಯಾಪ್‌ಟಾಪ್‌ಗೆ 16 ಜಿಬಿ ಸಾಕೇ? ಒಂದು ದಿರ್ಹಮ್ ಲೆಕ್ಕ

ದುಬೈ, ಅಬುಧಾಬಿಯಲ್ಲಿರುವ ನಮ್ಮಲ್ಲಿ ಅನೇಕರು ದಿನವಿಡೀ ಬಳಸುವ ಲ್ಯಾಪ್‌ಟಾಪ್ ಕಂಪನಿಯದು. ಕೆಲಸ ಹೋದ ದಿನ ಅದೂ ಹೋಗುತ್ತದೆ. ವೀಸಾ ಗಡುವಿನೊಳಗೆ ಹೊಸ ಕೆಲಸ ಹುಡುಕಲು, ಆನ್‌ಲೈನ್ ಸಂದರ್ಶನಕ್ಕೆ, ಊರಿನ ಎನ್‌ಆರ್‌ಇ ಖಾತೆ ನೋಡಿಕೊಳ್ಳಲು ಸ್ವಂತದ್ದೊಂದು ಬೇಕೇ ಬೇಕು. ಹಾಗಾಗಿ ನನ್ನ ಲೆಕ್ಕದಲ್ಲಿ ಸ್ವಂತ ಲ್ಯಾಪ್‌ಟಾಪ್‌ನ ಜಾಗ ತುರ್ತು ನಿಧಿಯ ಪಕ್ಕದಲ್ಲೇ ಇದೆ.

ಕೊಳ್ಳಲು ಹೋದಾಗ ಹೆಚ್ಚು ಗೊಂದಲವಾಗುವುದು ಮೆಮೊರಿ, ಅಂದರೆ ರ‍್ಯಾಮ್ ವಿಷಯದಲ್ಲಿ. 8, 16, 24, 32 ಜಿಬಿ, ಯಾವುದು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಮೊದಲು ಕಾಲನ್ನೇ ಅಳೆಯಬೇಕು. ತಿಂಗಳ ಕೊನೆಯ ಅತಿ ಬ್ಯುಸಿ ದಿನ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ನೋಡಿ. ಮ್ಯಾಕ್ ಆದರೆ ಆಕ್ಟಿವಿಟಿ ಮಾನಿಟರ್‌ನ ಮೆಮೊರಿ ಪ್ರೆಶರ್ ನೋಡಿ: ಹಸಿರಿದ್ದರೆ ಸಾಕು, ಕೆಂಪಾದರೆ ಸಾಲದು. ಎಕ್ಸೆಲ್, ಟೀಮ್ಸ್ ಕರೆ, ಇಪ್ಪತ್ತು ಬ್ರೌಸರ್ ಟ್ಯಾಬ್ ಎಲ್ಲ ತೆರೆದಿಟ್ಟು ನೋಡಿದಾಗ ನನ್ನದು ಸುಮಾರು 11 ಜಿಬಿ ಇತ್ತು. 8 ಸಾಲದು, 32 ಬೇಕಿಲ್ಲ. ವಿಂಡೋಸ್ 11ಕ್ಕೆ 4 ಜಿಬಿ ಸಾಕೆಂದು ಮೈಕ್ರೋಸಾಫ್ಟ್ ಹೇಳುವುದು ಕನಿಷ್ಠ ಮಿತಿ. ಅದೇ ಕಂಪನಿ 2024ರಲ್ಲಿ ಕೋಪೈಲಟ್ ಪ್ಲಸ್ ಪಿಸಿಗಳಿಗೆ ಇಟ್ಟ ಕನಿಷ್ಠ 16 ಜಿಬಿ. ಅದೇ ವರ್ಷ ಆಪಲ್ ಕೂಡ ಮ್ಯಾಕ್‌ಬುಕ್ ಏರ್ ಅನ್ನು 16ರಿಂದ ಶುರು ಮಾಡಿತು.

ಇನ್ನು 16ರಿಂದ 24ಕ್ಕೆ ಏರುವುದು ಲಾಭವೇ? 2025ರ ಎಂ4 ಮ್ಯಾಕ್‌ಬುಕ್ ಏರ್‌ನಲ್ಲಿ ಈ ಮೆಟ್ಟಿಲಿಗೆ ಅಮೆರಿಕದ ಬೆಲೆ 200 ಡಾಲರ್. ದಿರ್ಹಮ್ ಡಾಲರ್‌ಗೆ 3.6725ರಲ್ಲಿ ಕಟ್ಟಿಹಾಕಿರುವುದರಿಂದ ಅದು ಸುಮಾರು 735 ದಿರ್ಹಮ್, 5% ವ್ಯಾಟ್ ಸೇರಿ 770 ಎಂದಿಟ್ಟುಕೊಳ್ಳಿ. ಉದಾಹರಣೆಗೆ 4,200 ದಿರ್ಹಮ್‌ನ ಲ್ಯಾಪ್‌ಟಾಪ್ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 1,050 ಖರ್ಚು. ಹೆಚ್ಚುವರಿ 770 ಗಿಟ್ಟಬೇಕಾದರೆ ಅದು ಇನ್ನೂ ಸುಮಾರು ಒಂಬತ್ತು ತಿಂಗಳು ಹೆಚ್ಚು ಬಾಳಬೇಕು. ವಿಡಿಯೋ ಎಡಿಟಿಂಗ್, ಪ್ರೋಗ್ರಾಮಿಂಗ್ ಮಾಡುವವರಿಗೆ ಖಂಡಿತ ಬಾಳುತ್ತದೆ. ಇಮೇಲ್, ಬ್ಯಾಂಕಿಂಗ್, ಎಕ್ಸೆಲ್‌ಗೆ ಮಾತ್ರ ಬಳಸುವವರಿಗೆ ಬ್ಯಾಟರಿಯೇ ಮೊದಲು ಸೋಲಬಹುದು.

ಈ ಲೆಕ್ಕವನ್ನೇ ಬದಲಿಸುವ ಪ್ರಶ್ನೆ ಇನ್ನೊಂದಿದೆ: ಮೆಮೊರಿಯನ್ನು ಆಮೇಲೆ ಸೇರಿಸಬಹುದೇ? ಮ್ಯಾಕ್‌ಬುಕ್‌ಗಳಲ್ಲೂ ಅನೇಕ ತೆಳು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲೂ ಅದು ಬೆಸುಗೆಯಾಗಿ ಕೂತಿರುತ್ತದೆ. ಇಂದಿನ ನಿರ್ಧಾರವೇ ಕೊನೆಯದು. ಖಾಲಿ ಸ್ಲಾಟ್ ಇದ್ದರೆ ನಿಮ್ಮ ಕೈಯಲ್ಲಿ ಒಂದು ಆಪ್ಷನ್ ಇದ್ದಂತೆ, ಬೇಕಾದಾಗ ಚಲಾಯಿಸಬಹುದು. ಬರ್ ದುಬೈನ ಅಲ್ ಐನ್ ಸೆಂಟರ್‌ನಲ್ಲೋ, ಲ್ಯಾಪ್‌ಟಾಪ್ ಊರಿಗೆ ಹೋದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಹಾಕಿಸಬಹುದು. ಮಕ್ಕಳ ಕಾಲೇಜಿಗೆಂದು ಕೊಳ್ಳುವವರು ಇದನ್ನು ಮೊದಲು ಕೇಳಿ.

ಆದರೆ ಆಪ್ಷನ್‌ಗೂ ಬೆಲೆಯ ಅಪಾಯವಿದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ಮೆಮೊರಿ ಬೆಲೆ ಜೋರಾಗಿ ಏರಿತು. ಸಾಮಾನ್ಯ ಗ್ರಾಹಕರಿಗೆ ಮೆಮೊರಿ ಮಾರುತ್ತಿದ್ದ ಕ್ರೂಶಿಯಲ್ ವ್ಯವಹಾರದಿಂದ ಹೊರಬರುವುದಾಗಿ ಮೈಕ್ರಾನ್ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. "ಮುಂದೆ ಅಗ್ಗವಾಗುತ್ತೆ, ಆಗ ಹಾಕಿಸೋಣ" ಎಂಬ ಹಳೆಯ ನಂಬಿಕೆಯ ಮೇಲೆ ಪೂರ್ತಿ ಭಾರ ಹಾಕಬೇಡಿ.

ನಾನು ತೆಗೆದುಕೊಂಡದ್ದು 16 ಜಿಬಿ ಮತ್ತು ಒಂದು ಖಾಲಿ ಸ್ಲಾಟ್. ಬೆಸುಗೆ ಮೆಮೊರಿಯ ಮಾಡೆಲ್ ಆದರೆ ನನ್ನ ನಿಯಮ ಇಷ್ಟೇ: ಅಳೆದ ಗರಿಷ್ಠ ಬಳಕೆಯ ಒಂದೂವರೆ ಪಟ್ಟು. 11 ಬಂದರೆ 16 ಸಾಕು, 14 ದಾಟಿದರೆ 24. ಉಳಿದ 770 ದಿರ್ಹಮ್ ಈ ತಿಂಗಳ ಎಸ್‌ಐಪಿಗೆ ಹೋಗಲಿ.