ಚಿತ್ರದುರ್ಗದ ಕುರಿಮಂದೆಗಳ ವಲಸೆ

ಮಳೆಗಾಲ ಮುಗಿದು ಹುಲ್ಲು ಒಣಗಿದರೆ,
ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕುರಿಮಂದೆಗಳು ಎಲ್ಲಿಗೆ ಹೋಗುತ್ತವೆ?

ಮಧ್ಯ ಏಷ್ಯಾದ ಕಿರ್ಗಿಜ್ ಪಶುಪಾಲಕರು ಕುದುರೆಯೇರಿ
ಜೈಲೂ, ಅಂದರೆ ಎತ್ತರದ ಬೇಸಿಗೆ ಹುಲ್ಲುಗಾವಲನ್ನು ಹತ್ತಿದರೆ,
ಇಲ್ಲಿನ ಕುರುಬರೂ ಗೊಲ್ಲರೂ ಕಾಲ್ನಡಿಗೆಯಲ್ಲೇ,
ಕಾವಲುಗಳನ್ನು, ಅಂದರೆ ಮೈಸೂರು ಅರಸರ ಕಾಲದಲ್ಲಿ
ಅಮೃತಮಹಲ್ ದನಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳನ್ನು ಬಿಟ್ಟು,
ಭತ್ತ ಕೊಯ್ದ ಭದ್ರಾ ಅಚ್ಚುಕಟ್ಟಿನತ್ತ ಸಾಗುತ್ತಾರೆ.

ಅಲ್ಲಿ ರಾತ್ರಿ ಗದ್ದೆಯಲ್ಲೇ ಬಲೆಯ ಬೇಲಿ ಕಟ್ಟಿ
ಕುರಿಗಳನ್ನು ಕೂಡಿಹಾಕುವುದಕ್ಕೆ ಮಂದೆ ನಿಲ್ಲಿಸುವುದು ಎನ್ನುತ್ತಾರೆ;
ಹಿಕ್ಕೆಯೂ ಗಂಜಲವೂ ನೆಲಕ್ಕೆ ಇಳಿಯುವುದರಿಂದ,
ನಡೆದಾಡುವ ತಿಪ್ಪೆಯಂತಿರುವ ಈ ಮಂದೆಗೆ
ರೈತರು ದವಸವನ್ನೋ ಹಣವನ್ನೋ ಕೊಡುತ್ತಾರೆ.

ಹಾದಿಯಲ್ಲಿ ಹುಟ್ಟಿದ ಮರಿಯನ್ನು ಹೆಗಲ ಮೇಲೆ ಹೊರುವ,
ಮಳೆ ಬಂದರೆ ಕಂಬಳಿಯನ್ನೇ ಕೊಪ್ಪೆಯಾಗಿ ಮಡಚಿ ತಲೆಗೆ ಹೊದೆಯುವ ಕುರಿಗಾಹಿಗೆ
ಕಿರ್ಗಿಜರಂತೆ ಏರಲು ಕುದುರೆ ಇಲ್ಲವೆಂಬುದಷ್ಟೇ ವ್ಯತ್ಯಾಸ;
ನಡಿಗೆಯೇನೂ ಕಡಿಮೆಯಲ್ಲ.